ಮಾವನನ್ನು ಕಾಣದ ಅಳಿಯ

ನಮ್ಮಲ್ಲಿ ತಾಯಿಯ ತಮ್ಮನೂ ಮಾವ, ಹೆಣ್ಣು ಕೊಟ್ಟವನೂ ಮಾವ. ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಏಕೆಂದು ಮದುವೆಮನೆಯಲ್ಲಿ ಎಲೆ ಹಾಕುವ ಹುಡುಗನೂ ಹೇಳಿಯಾನು: ಸೋದರಮಾವನ ಮಗಳನ್ನು ತಂದರೆ ಮಾವ ಮಾವನಾಗಿಯೇ ಉಳಿಯುತ್ತಾನೆ.

ಅಮೆರಿಕದ ರಾಚೆಸ್ಟರ್‌ನ ವಕೀಲ ಲೂಯಿಸ್ ಹೆನ್ರಿ ಮಾರ್ಗನ್ ಸಾಹೇಬರು ಇದನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. 200ಕ್ಕೂ ಹೆಚ್ಚು ಪ್ರಶ್ನೆಗಳ ಪಟ್ಟಿಯನ್ನು ದೇಶದೇಶಕ್ಕೆ ಅಂಚೆಗೆ ಹಾಕಿದರು, ಮಿಷನರಿಗಳು ತುಂಬಿ ಕಳಿಸಿದರು. 1871ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆ ಅಚ್ಚುಹಾಕಿದ ಅವರ ಹೆಬ್ಬೊತ್ತಿಗೆಯ ಕೋಷ್ಟಕಗಳಲ್ಲಿ ತಮಿಳು, ತೆಲುಗಿನ ಪಕ್ಕ ಕನ್ನಡವೂ ಕೂತಿದೆ. ಮಾವ, ಅತ್ತೆ, ಎಲ್ಲರೂ ಹಾಜರು.

ಆದರೆ ಸಾಹೇಬರ ನಿದ್ದೆ ಕೆಡಿಸಿದವನು ಮಾವನಲ್ಲ, ಚಿಕ್ಕಪ್ಪ. ಅಪ್ಪ ಎಂದರೆ ಹುಟ್ಟಿಸಿದವನು ತಾನೆ? ಅವನ ತಮ್ಮನೂ ಅಪ್ಪನೆಂದರೆ? ಒಂದು ಕಾಲದಲ್ಲಿ ಅಣ್ಣತಮ್ಮಂದಿರು ಹೆಂಡತಿಯರನ್ನು ಹಂಚಿಕೊಂಡು ಬಾಳಿದ್ದರು, ಹುಟ್ಟಿಸಿದವನು ಯಾರೆಂದು ಗೊತ್ತಾಗುತ್ತಿರಲಿಲ್ಲ, ಮಾತು ಮಾತ್ರ ಉಳಿದುಕೊಂಡಿತು ಎಂದು ತೀರ್ಪು ಕೊಟ್ಟರು. 1884ರಲ್ಲಿ ಏಂಗೆಲ್ಸ್ ಆ ತೀರ್ಪಿನ ಮೇಲೆಯೇ ಕುಟುಂಬದ ಇತಿಹಾಸ ಕಟ್ಟಿದರು. ಪಾಪ ಚಿಕ್ಕಪ್ಪ! ಹಬ್ಬಕ್ಕೆ ಅಂಗಿ ಹೊಲಿಸಿಕೊಟ್ಟದ್ದೇ ತಪ್ಪಾಯಿತು. ಅತ್ತ ಸಾಹೇಬರ ದೇಶದಲ್ಲೇ ಮದುವೆಯಾಗದ ಪಾದ್ರಿಯನ್ನು ಚರ್ಚಿಗೆ ಚರ್ಚೇ ‘ಫಾದರ್’ ಎನ್ನುತ್ತಿತ್ತು. ಅದರಿಂದ ಅವರು ಯಾವ ಸಿದ್ಧಾಂತವನ್ನೂ ಹೊರಡಿಸಿದಂತಿಲ್ಲ. ಪಾದ್ರಿಗೆ ಅನ್ನುವುದು ಗೌರವ, ಚಿಕ್ಕಪ್ಪನಿಗೆ ಅನ್ನುವುದು ಪುರಾವೆ.

ಮಾವ-ಅತ್ತೆಯರ ಗುಟ್ಟು ಸೋದರಸಂಬಂಧದ ಮದುವೆಯಲ್ಲಿದೆ ಎಂದು ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ರಿವರ್ಸ್ 1914ರ ಪುಸ್ತಕದಲ್ಲಿ ವಾದಿಸಿದರು. ಎಲೆ ಹಾಕುವ ಹುಡುಗನಿಗೆ ಅದರ ಪ್ರತಿ ತಲುಪಿರಲಾರದು. 1984ರಲ್ಲಿ ಅಮೆರಿಕದವರೇ ಆದ ಮಾನವಶಾಸ್ತ್ರಜ್ಞ ಡೇವಿಡ್ ಶ್ನೈಡರ್ ಮನೆಯೊಳಗಿಂದಲೇ ಕಲ್ಲೆಸೆದರು: ರಕ್ತ ನೀರಿಗಿಂತ ಗಟ್ಟಿ ಎಂಬುದು ನಮ್ಮ ಕಡೆಯ ಗಾದೆ, ಅದನ್ನೇ ಜಗತ್ತಿನ ನಿಯಮವೆಂದು ಹಿಡಿದು ಇಷ್ಟು ದಿನ ಊರೂರು ಅಳೆದೆವು ಎಂದರು. ಗಾದೆಯೊಂದು ಶಾಸ್ತ್ರದ ವೇಷ ಹಾಕಿ ನೂರು ವರ್ಷ ಸಂಬಳ ತಿಂದಿತ್ತು.

ಒಂದು ಮಾತು ಬಿಟ್ಟುಹೋಗುತ್ತಿತ್ತು. 1851ರಲ್ಲಿ ಮಾರ್ಗನ್ ಸಾಹೇಬರು ಕೈಹಿಡಿದ ಮೇರಿ, ಅವರ ತಾಯಿಯ ತವರಾದ ಸ್ಟೀಲ್ ಮನೆತನದವಳು, ‘ಕಸಿನ್’. ಆ ಇಂಗ್ಲಿಷ್ ಪದದಲ್ಲಿ ಚಿಕ್ಕಪ್ಪನ ಮಗಳೂ ಮಾವನ ಮಗಳೂ ಒಂದೇ ಚಾಪೆಯ ಮೇಲೆ ಮಲಗುತ್ತಾರೆ, ಯಾರು ಯಾರೆಂದು ಗೊತ್ತಾಗುವುದಿಲ್ಲ. ಅದೇ ಕೋಷ್ಟಕದ ಕನ್ನಡದ ಸಾಲಿನಲ್ಲಿ ಬೆರಳಿಟ್ಟು ನೋಡಿದ್ದರೆ ತಮ್ಮ ವರಸೆಯೇ ಸಿಗುತ್ತಿತ್ತು: ಅಳಿಯ.