‘ನಯಾ ಲೇ ಲೋ’ ಮಹಾಶಯರಿಗೊಂದು ಬಹಿರಂಗ ಪತ್ರ

ಕಾಮೋಠೆ, ನವಿಮುಂಬಯಿ

ಹಳೇ ಡೆಸ್ಕ್‌ಟಾಪ್ ಕಂಡೊಡನೆ ‘ಅಂಕಲ್, ನಯಾ ಲೇ ಲೋ’ ಎಂದು ಉಪದೇಶಿಸುವ ಪರಮಪೂಜ್ಯ ಕಂಪ್ಯೂಟರ್ ಅಂಗಡಿಯವರೇ,

ಸಾಷ್ಟಾಂಗ ನಮಸ್ಕಾರ. ನಮ್ಮ ಕನ್ನಡ ಸಂಘದ ಕಚೇರಿಯ ಕಂಪ್ಯೂಟರನ್ನು ರಿಕ್ಷಾದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಮ್ಮ ಸನ್ನಿಧಿಗೆ ತಂದಿದ್ದೆವು. ತಾವು ಮುಚ್ಚಳ ತೆಗೆಯಲಿಲ್ಲ, ಸ್ವಿಚ್ ಹಾಕಲಿಲ್ಲ. ಹಳದಿಗಟ್ಟಿದ ಅದರ ಮುಖ ನೋಡಿದ್ದೇ ತಡ, ‘ಇದರಲ್ಲಿ ಏನೂ ಉಳಿದಿಲ್ಲ’ ಎಂದು ಅಪ್ಪಣೆ ಕೊಡಿಸಿಬಿಟ್ಟಿರಿ. ಜಾತಕ ನೋಡುವವರೂ ಕನಿಷ್ಠ ಹುಟ್ಟಿದ ದಿನ ಕೇಳುತ್ತಾರೆ!

ಏನೂ ಉಳಿದಿಲ್ಲವೇ? ಸಂಘದ ಸ್ಮರಣ ಸಂಚಿಕೆಗಳು, ಸದಸ್ಯರ ಪಟ್ಟಿ, ಯಕ್ಷಗಾನದ ಫೋಟೋಗಳು ಎಲ್ಲ ಅದರಲ್ಲೇ ಇವೆ. ಬರಹಗಳೆಲ್ಲ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನವು. ಆ ಫಾಂಟ್ ಇಲ್ಲದ ತಮ್ಮ ಹೊಸ ಮೆಷಿನ್ನಿನಲ್ಲಿ ತೆರೆದರೆ ಅಧ್ಯಕ್ಷರ ನುಡಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. (ಕೆಲವು ಅಧ್ಯಕ್ಷರ ನುಡಿಗೆ ಅದೇ ಸರಿ, ಬಿಡಿ.)

ಪೆಟ್ಟಿಗೆ ನಿಧಾನ, ಒಪ್ಪಿದೆ. ಆದರೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡುವ ಕೃಪೆ ಮಾಡಿದ್ದರೆ ‘ಡಿಸ್ಕ್ 100%’ ಎಂಬುದು ತಮಗೂ ಕಾಣುತ್ತಿತ್ತು. ಪ್ರೊಸೆಸರ್ ಪಾಪ, ಕೆಲಸವಿಲ್ಲದೆ ತೂಕಡಿಸುತ್ತಿತ್ತು. ಇದ್ದದ್ದು 4 ಜಿಬಿ ರ‍್ಯಾಮ್. ಅದು ಸಾಲದೆ ಬಂದಾಗ ವಿಂಡೋಸ್ ಹಾರ್ಡ್ ಡಿಸ್ಕಿನಲ್ಲಿ ಇಟ್ಟು ತೆಗೆದು ಸಂಸಾರ ತೂಗಿಸುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ, ಅದರ ಮೇಲೆ ಆಚೀಚೆ ಓಡಿ ಹುಡುಕುವ ಕೈ: ತಡವಾಗುವುದು ಅಲ್ಲಿ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಓಡುವುದೂ ಇಲ್ಲ.

ಬೇಡಿಕೊಂಡ ಮೇಲೆ ತಾವು ಕರಗಿ, ಡಿಡಿಆರ್4 ರ‍್ಯಾಮನ್ನೂ ಎನ್‌ವಿಎಂಇ ಎಸ್‌ಎಸ್‌ಡಿಯನ್ನೂ ಮುಂದಿಟ್ಟಿರಿ. ನಮ್ಮದು ಎಚ್61 ಬೋರ್ಡು ಸ್ವಾಮೀ. ಅದಕ್ಕೆ ಬೇಕಾದ್ದು ಡಿಡಿಆರ್3, 240 ಪಿನ್ನಿನದು; ತಮ್ಮ ಪ್ರಸಾದಕ್ಕೆ 288 ಪಿನ್, ಕಚ್ಚಿನ ಜಾಗವೂ ಬೇರೆ. ಎನ್‌ವಿಎಂಇ ಕೂರಿಸುವ ಸ್ಲಾಟಂತೂ ಇಲ್ಲವೇ ಇಲ್ಲ. ಸಾಧಾರಣ ಸಾಟಾ ಎಸ್‌ಎಸ್‌ಡಿ ಸಾಕಿತ್ತು. ಆ ಬೋರ್ಡಿನಲ್ಲಿ ಅದು ಪೂರ್ಣ ವೇಗಕ್ಕೆ ಓಡದಿದ್ದರೂ ಹಳೇ ಡಿಸ್ಕನ್ನು ಎಲ್ಲೋ ಹಿಂದೆ ಹಾಕುತ್ತದೆ.

ರ‍್ಯಾಮ್ ದುಬಾರಿ ಎಂದಿರಿ. ಅದು ಸುಳ್ಳಲ್ಲ. ಜಗತ್ತಿನ ಮೆಮೊರಿಯನ್ನೆಲ್ಲ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಬಾಚಿಕೊಳ್ಳುತ್ತಿವೆ. ಮೈಕ್ರಾನ್ ಕಂಪನಿ 2025ರ ಡಿಸೆಂಬರಿನಲ್ಲಿ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ಬಿಡಿ ಮಾರಾಟವನ್ನೇ ನಿಲ್ಲಿಸುವುದಾಗಿ ಸಾರಿತು. ಅಂಥದ್ದೇ ಒಂದು ಭಾರೀ ಡೇಟಾ ಸೆಂಟರ್ ನಮ್ಮ ಪಕ್ಕದ ಪನ್ವೇಲಿನಲ್ಲೂ ಇದೆ. ಯಂತ್ರಕ್ಕೆ ಬುದ್ಧಿ ಬರಲೆಂದು ಸಂಘದ ಕಾರ್ಯದರ್ಶಿ ಮೆಮೊರಿ ಬಿಟ್ಟುಕೊಡಬೇಕಂತೆ!

ನಾವು ಬಿಡಲಿಲ್ಲ. ಮಾನಸರೋವರ ಸ್ಟೇಷನ್ನಿನಲ್ಲಿ ಹಾರ್ಬರ್ ಲೈನ್ ಹಿಡಿದು, ಕುರ್ಲಾ, ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಲ್ಲಿಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದೆವು. ಸೆಕೆಂಡ್ ಹ್ಯಾಂಡ್ ಡಿಡಿಆರ್3 ಸಿಕ್ಕಿತು, ಸಾಟಾ ಎಸ್‌ಎಸ್‌ಡಿಯೂ ಸಿಕ್ಕಿತು. ಮನೆಗೆ ತಂದು ಹಾಕಿದರೆ ಪರದೆ ಕಪ್ಪು, ಬರೀ ಬೀಪ್ ಬೀಪ್. ಮೊಮ್ಮಗಳ ಕಂಪಾಸಿನಿಂದ ರಬ್ಬರ್ ತೆಗೆದು ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿದೆವು. ರಬ್ಬರಿನ ಪುಡಿ ಊದಿ, ಎರಡೂ ತುದಿಯ ಕೊಂಡಿ ‘ಟಕ್’ ಎನ್ನುವವರೆಗೆ ಒತ್ತಿದೆವು. ಚಾಲೂ! 32 ಬಿಟ್ ವಿಂಡೋಸಿಗೆ 4 ಜಿಬಿಗಿಂತ ಹೆಚ್ಚಿನದು ದಕ್ಕದಾದ್ದರಿಂದ ಹೊಸ ಎಸ್‌ಎಸ್‌ಡಿಗೆ 64 ಬಿಟ್ಟಿನದನ್ನೇ ಹಾಕಿಕೊಂಡೆವು.

ತಾವು ಹೇಳದೆ ಬಿಟ್ಟ ಒಂದು ಮಾತನ್ನು ನಾವೇ ಹೇಳುತ್ತೇವೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈ ಪ್ರೊಸೆಸರಿಗೆ ವಿಂಡೋಸ್ 11ರ ಅಧಿಕೃತ ಪ್ರವೇಶವಿಲ್ಲ. ಹಾಗಾಗಿ ಬ್ಯಾಂಕಿನ ವ್ಯವಹಾರ ಇದರಲ್ಲಿ ಮಾಡುವುದಿಲ್ಲ. ಮುಂದೆ ಲಿನಕ್ಸ್ ಹಾಕುವ ಯೋಚನೆಯಿದೆ, ಅದಕ್ಕೆ ಮೊದಲು ಹಳೇ ಕಡತಗಳೆಲ್ಲ ಯೂನಿಕೋಡಿಗೆ ಬರಬೇಕು.

ಓದುಗರೇ, ಎಸ್‌ಎಸ್‌ಡಿ ಹಾಕಿಸುವ ಮುನ್ನ ಕಡತಗಳನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ. ಬಿಚ್ಚಿದ ಹಾರ್ಡ್ ಡಿಸ್ಕನ್ನು ಈ ಅಂಗಡಿಯವರು ‘ಭಂಗಾರ್ ಹೈ’ (ಗುಜರಿ) ಎಂದು ಕೇಳುತ್ತಾರೆ, ಕೊಡಬೇಡಿ. ಡಿಲೀಟ್ ಒತ್ತಿದ ಮಾತ್ರಕ್ಕೆ ಅದರೊಳಗಿನ ಫೋನ್ ನಂಬರುಗಳೂ ಆಧಾರ್ ಪ್ರತಿಗಳೂ ಅಳಿಸಿಹೋಗುವುದಿಲ್ಲ.

ಇಂತಿ,
ತಮ್ಮ ಹೊಸ ಕಂಪ್ಯೂಟರ್ ಕೊಳ್ಳದ ಗಿರಾಕಿ