ಹಿಂದಿನ ಸೀಟಿನಿಂದ ಒಂದು ಬಹಿರಂಗ ಮನವಿ

ಗೆ,
ದಿನವೂ ನನಗೆ ಡ್ರಾಪ್ ಕೊಡುವ ಮಹಾನುಭಾವರಿಗೆ, ಹಾಗೂ ಟೈರಿನ ಮಾತೆತ್ತಿದ ಕೂಡಲೇ "ಇನ್ನೊಂದು ಮಳೆಗಾಲ ಆರಾಮಾಗಿ ಬರುತ್ತೆ ಬಿಡ್ರೀ" ಎನ್ನುವ ಅವರ ಸಮಸ್ತ ಬಳಗಕ್ಕೆ.

ವಿಷಯ: ತಮ್ಮ ಬೈಕಿನ ಎರಡೂ ಟೈರುಗಳಿಗೆ ವಯೋನಿವೃತ್ತಿ ಮಂಜೂರು ಮಾಡುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಮೊದಲನೆಯದಾಗಿ ನಾನು ತಮ್ಮ ಋಣದಲ್ಲಿರುವವನು. ಬೆಳಿಗ್ಗೆ ಗೇಟಿನ ಮುಂದೆ ಹಾರ್ನ್ ಹೊಡೆದು ಕಚೇರಿಗೆ ಕರೆದೊಯ್ಯುತ್ತೀರಿ, ಸಂಜೆ ತಂದು ಇಳಿಸುತ್ತೀರಿ, ಪೆಟ್ರೋಲಿಗೆಂದು ಕಾಸು ತೆಗೆದರೆ "ಛೆ ಛೆ, ಒಳಗಿಡಿ" ಎನ್ನುತ್ತೀರಿ. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂಬ ಗಾದೆ ನನಗೂ ಗೊತ್ತು. ಆದರೆ ಆ ಗಾದೆ ಕಟ್ಟಿದವರು ಎಮ್ಮೆಯ ಮೇಲೆ ಕೂತು ಚಾರ್ಮಾಡಿ ಘಾಟಿ ಇಳಿದವರಲ್ಲ. ಮೇಲಾಗಿ ನಾನು ಕೂರುವ ಜಾಗ ನೋಡಿ: ಸರಿಯಾಗಿ ಹಿಂದಿನ ಟೈರಿನ ನೆತ್ತಿಯ ಮೇಲೆ. ನೀವು ರಸ್ತೆ ನೋಡುತ್ತೀರಿ, ನನಗೆ ಬಗ್ಗಿ ಕೆಳಗೆ ನೋಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಎದುರಿಗೆ ಹೇಳಿದರೆ ಸ್ನೇಹ ಕೆಡುತ್ತದೆಂದು ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಮೊದಲು ಹಿಂದಿನ ಟೈರಿನ ಸೇವಾ ಪುಸ್ತಕ ತೆರೆಯೋಣ. ಹೋದ ವರ್ಷ ಅದನ್ನು ಗುಜರಿಯಿಂದ ಅರ್ಧ ಬೆಲೆಗಿಂತಲೂ ಕಡಿಮೆಗೆ ಹೊಡೆದುಕೊಂಡು ಬಂದಿರಿ. "ಬಟನ್ ನೋಡ್ರೀ, ಹಾಗೇ ಇದೆ! ದುಬೈಗೆ ಹೋದವರೊಬ್ಬರ ಬೈಕಿಂದಂತೆ. ಶೆಡ್ಡಲ್ಲೇ ನಿಂತಿತ್ತು, ಓಡೇ ಇಲ್ಲ" ಎಂದು ಕಚೇರಿಯವರನ್ನೆಲ್ಲ ಸ್ಟ್ಯಾಂಡಿಗೆ ಕರೆದು ತೋರಿಸಿದಿರಿ. ಸಿಹಿ ಹಂಚುವುದೊಂದು ಬಾಕಿ ಇತ್ತು. ಗುಜರಿಯವನು ಬಳಿದಿದ್ದ ಕರಿ ಪಾಲಿಶ್ ಮೊದಲ ಮಳೆಗೇ ತೊಳೆದುಹೋಯಿತು. ಆಗ ಟೈರಿನ ಪಕ್ಕದಲ್ಲಿ ಮೊಟ್ಟೆಯಾಕಾರದ ಒಂದು ಸಣ್ಣ ಚೌಕಟ್ಟು, ಅದರೊಳಗೆ ನಾಲ್ಕು ಅಂಕಿ ಕಂಡವು: 3714. "ಮಾಡೆಲ್ ನಂಬರ್ ಇರಬೇಕು" ಎಂದಿರಿ. ಸ್ವಾಮಿ, ಅದು ಜನ್ಮ ದಿನಾಂಕ. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ತಮ್ಮ 'ಹೊಸ' ಟೈರು ಹುಟ್ಟಿದ್ದು 2014ರ 37ನೇ ವಾರದಲ್ಲಿ, ಅಂದರೆ ಸೆಪ್ಟೆಂಬರ್ ತಿಂಗಳಲ್ಲಿ.

ಅದೇ ಸೆಪ್ಟೆಂಬರ್ 24ರಂದು ಇಸ್ರೋದ ಮಂಗಳಯಾನ ಮಂಗಳನ ಕಕ್ಷೆ ಸೇರಿತು. ಆರು ತಿಂಗಳು ದುಡಿದರೆ ಸಾಕೆಂದು ಕಳಿಸಿದ ನೌಕೆ ಅದು. ಏಳು ವರ್ಷ ದಾಟಿಯೂ ದುಡಿದು 2022ರಲ್ಲಿ ಭೂಮಿಯ ಜೊತೆ ಮಾತು ನಿಲ್ಲಿಸಿತು, ಇಸ್ರೋ ಕೂಡ ಅದರ ಕೆಲಸ ಮುಗಿಯಿತೆಂದು ಘೋಷಿಸಿ ಗೌರವದಿಂದ ಬೀಳ್ಕೊಟ್ಟಿತು. ತಮ್ಮ ಟೈರು ಮಾತ್ರ ಇನ್ನೂ ಸೇವೆಯಲ್ಲಿದೆ. ಮಂಗಳಯಾನದ ದಾರಿಯಲ್ಲಿ ಹೊಂಡಗಳಿರಲಿಲ್ಲ, ಅದರ ಹಿಂದಿನ ಸೀಟಿನಲ್ಲಿ ನಾನೂ ಇರಲಿಲ್ಲ ಎಂಬುದನ್ನು ಗಮನಿಸಿದರೆ ಇದು ದೇಶವೇ ಹೆಮ್ಮೆಪಡಬೇಕಾದ ಸಾಧನೆ.

ಇನ್ನು ತಾವು ಅಷ್ಟೊಂದು ಹೊಗಳಿದ "ಓಡೇ ಇಲ್ಲ" ಎಂಬ ಗುಣದ ವಿಚಾರ. ಬಿರುಕು ಬಿಡದಿರಲೆಂದು ಟೈರಿನ ರಬ್ಬರಿಗೆ ಮೇಣವನ್ನೂ ಕೆಲವು ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಟೈರು ಉರುಳುತ್ತ, ಬಾಗುತ್ತ ಇದ್ದರೆ ಅವು ಒಳಗಿನಿಂದ ಮೇಲಕ್ಕೆ ಬಂದು ಗಾಳಿಯಲ್ಲಿರುವ ಓಜೋನಿಗೆ ಅಡ್ಡ ನಿಲ್ಲುತ್ತವೆ. ಶೆಡ್ಡಿನಲ್ಲಿ ನಿಂತೇ ಇದ್ದ ಟೈರಿಗೆ ಆ ರಕ್ಷಣೆ ಸರಿಯಾಗಿ ಸಿಗುವುದಿಲ್ಲ. ಅದರ ಮೇಲೆ ಗಾಳಿ ಇಳಿದು, ಬೈಕಿನ ಭಾರವನ್ನೆಲ್ಲ ಒಂದೇ ಮಗ್ಗುಲಲ್ಲಿ ಹೊತ್ತಿರುತ್ತದೆ. ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡುವ ವಿದ್ಯೆಯನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಆದರೆ ಗಟ್ಟಿಯಾಗುವ ಕೆಲಸ ಕಾರ್ಖಾನೆಯಲ್ಲೇ ಮುಗಿದುಹೋಗುವುದಿಲ್ಲ. ಬಿಸಿಲು, ಶಾಖ, ಆಮ್ಲಜನಕ ಮೂರೂ ಸೇರಿ ಅದನ್ನು ವರ್ಷಗಟ್ಟಲೆ ಸದ್ದಿಲ್ಲದೆ ಮುಂದುವರಿಸುತ್ತವೆ. ಹೀಗೆ ಬಟನ್ ಇದ್ದ ಹಾಗೇ ಇರುತ್ತದೆ, ರಸ್ತೆಯನ್ನು ಕಚ್ಚಿಕೊಳ್ಳುವ ಮೆದುತನ ಹೋಗಿಬಿಡುತ್ತದೆ. ನಮ್ಮ ಎಮ್ಮೆಗೆ ಬಾಯಿ ತುಂಬ ಹಲ್ಲಿದೆ, ಒಂದರಿಂದಲೂ ಅಗಿಯಲಾಗದು. ಪೂರ್ತಿ ಬೋಳಾದ ಟೈರನ್ನು ಕಂಡರೆ ಯಾರಾದರೂ ಎಚ್ಚರಿಸುತ್ತಾರೆ. ಇಂಥದ್ದನ್ನು ಕಂಡವರು ಎಲ್ಲಿ ಸಿಕ್ಕಿತೆಂದು ಅಂಗಡಿಯ ವಿಳಾಸ ಕೇಳುತ್ತಾರೆ. ನಮ್ಮ ಕಚೇರಿಯಲ್ಲೇ ಇಬ್ಬರು ಕೇಳಿದರು.

ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಿ, ಹತ್ತಾದ ಮೇಲೆ ಬಟನ್ ಎಷ್ಟೇ ಇರಲಿ ತೆಗೆಸಿಬಿಡಿ ಎಂದು ಮಿಶೆಲಿನ್‌ನಂಥ ಟೈರು ಕಂಪನಿಗಳೇ ಹೇಳುತ್ತವೆ. ಇದನ್ನು ಹೇಳಿದ್ದಕ್ಕೆ ತಾವು "ಅವರಿಗೇನ್ರೀ, ಟೈರು ಮಾರಬೇಕು" ಎಂದು ನಕ್ಕಿರಿ. ಬರೀ ಮಾರುವುದೇ ಆಸೆಯಾಗಿದ್ದರೆ ಎರಡೇ ವರ್ಷ ಎನ್ನುತ್ತಿದ್ದರಲ್ಲ! ಹತ್ತು ವರ್ಷ ಕಾಯುವ ವ್ಯಾಪಾರಿಯನ್ನು ನಾನಂತೂ ಕಂಡಿಲ್ಲ.

ಮುಂದಿನ ಟೈರಿನದು ಬೇರೆಯೇ ವೈಭವ. ಅದು ಬೋಳು. ಮಧ್ಯದ ಗೀರುಗಳು ಅಳಿಸಿ, ಅಂಗೈಯಲ್ಲಿ ಸವರಿದರೆ ನುಣುಪು. ಟೈರಿನ ಅಂಚಿನಲ್ಲಿ ಸಣ್ಣದಾಗಿ ಟಿಡಬ್ಲ್ಯುಐ ಎಂದು ಕೊರೆದಿರುವುದರ ನೇರಕ್ಕೆ ಗೀರಿನೊಳಗೆ ಒಂದು ಪುಟ್ಟ ದಿಬ್ಬವಿರುತ್ತದೆ, ಸವೆತ ಅಲ್ಲಿಯವರೆಗೆ ಬಂದರೆ ಟೈರಿನ ಕೆಲಸ ಮುಗಿಯಿತೆಂದು ಲೆಕ್ಕ. ತಮ್ಮ ಟೈರಿನಲ್ಲಿ ಆ ದಿಬ್ಬ ಹುಡುಕಲು ಪ್ರಾಕ್ತನ ಇಲಾಖೆಯವರೇ ಬರಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮ ದ್ವಿಚಕ್ರ ವಾಹನದ ಟೈರಿನಲ್ಲಿ ಕನಿಷ್ಠ 0.8 ಮಿಲಿಮೀಟರ್ ಗೀರು ಇರಬೇಕೆನ್ನುತ್ತದೆ. ಒಂದು ಮಿಲಿಮೀಟರನ್ನೂ ಕೇಳದ ಇಷ್ಟು ಉದಾರ ಸರ್ಕಾರಕ್ಕೂ ತಾವು ಬಾಕಿದಾರರು. ಒಳಗಿನ ನೂಲು ಕಾಣುವ, ಪಕ್ಕದಲ್ಲಿ ಊದಿಕೊಂಡ ಟೈರನ್ನೂ ಅದೇ ನಿಯಮ ಒಪ್ಪುವುದಿಲ್ಲ. ಬಲಮಗ್ಗುಲಲ್ಲಿ ಊದಿದ್ದನ್ನು ತೋರಿಸಿದಾಗ ತಾವು "ವಯಸ್ಸಾದ ಮೇಲೆ ಹೊಟ್ಟೆ ಬರಲ್ವೇನ್ರೀ" ಎಂದು ತಮ್ಮದನ್ನೇ ತಟ್ಟಿ ತೋರಿಸಿದಿರಿ. ಜೋಕು ಚೆನ್ನಾಗಿತ್ತು. ಆದರೆ ಟೈರಿಗೆ ಹೊಟ್ಟೆ ಬಂದಿದೆ ಎಂದರೆ ಒಳಗಿನ ನೂಲು ಕಡಿದಿದೆ ಎಂದೇ ಅರ್ಥ. ಉಳಿದಿರುವ ರಬ್ಬರು ಗಾಳಿಯನ್ನು ಎಷ್ಟು ದಿನ ಹಿಡಿದಿಡುತ್ತದೆ ಎಂಬುದು ಅದರ ಮರ್ಜಿ.

ತಮ್ಮನ್ನೊಬ್ಬರನ್ನೇ ದೂರುವುದೂ ನ್ಯಾಯವಲ್ಲ. ಪೊಲೀಸರು ಅಡ್ಡ ಹಾಕಿದರೆ ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಚೀಟಿ ಎಲ್ಲ ಕೇಳುತ್ತಾರೆ. 2016ರಿಂದ ನಮ್ಮ ರಾಜ್ಯದಲ್ಲಿ ಹಿಂದೆ ಕೂತವನ ತಲೆಗೂ ಹೆಲ್ಮೆಟ್ ಕಡ್ಡಾಯವಾದ್ದರಿಂದ ನನ್ನ ತಲೆಯನ್ನೂ ನೋಡುತ್ತಾರೆ. ಆ ತಲೆಯನ್ನು ಹೊತ್ತು ತಂದ ಟೈರನ್ನು ಬಗ್ಗಿ ನೋಡಿದವರು ಇದುವರೆಗೆ ಸಿಕ್ಕಿಲ್ಲ. ಸ್ವಂತ ಬೈಕಿಗೆ ನೋಂದಣಿ ಸಿಗುವುದು ಹದಿನೈದು ವರ್ಷಕ್ಕೆ. ಮತ್ತೆ ಆರ್‌ಟಿಒ ಕಚೇರಿಯಲ್ಲಿ ತಪಾಸಣೆಗೆ ನಿಲ್ಲಿಸುವ ದಿನ ಬರುವ ಹೊತ್ತಿಗೆ 3714 ತನ್ನ ಕಥೆಯನ್ನು ಯಾವುದೋ ತಿರುವಿನಲ್ಲಿ ಮುಗಿಸಿರುತ್ತದೆ. ನಮ್ಮದೂ ಅದರ ಜೊತೆಗೇ.

ದಸರಾದ ಆಯುಧಪೂಜೆಯ ದಿನ ತಮ್ಮ ಬೈಕನ್ನು ನೋಡಬೇಕು. ಶಾಂಪೂ ಸ್ನಾನ, ಟ್ಯಾಂಕಿಗೆ ವಿಭೂತಿ ಪಟ್ಟೆ, ಹ್ಯಾಂಡಲಿಗೆ ಚೆಂಡುಹೂವಿನ ಹಾರ, ಕುಂಕುಮ ತುಂಬಿದ ಬೂದುಗುಂಬಳ. ಟೈರುಗಳಿಗೂ ಅರಿಶಿನ ಕುಂಕುಮ ಇಡುತ್ತೀರಿ, ನಾಲ್ಕು ಅಂಕಿಯ ಪಕ್ಕದಲ್ಲೇ! ಹೊಸ ಎಲ್‌ಇಡಿ ದೀಪ, ಸೀಟಿಗೆ ಹೊಸ ಕವರು, ಹಿಂದಿನ ಮಡ್‌ಗಾರ್ಡಿಗೆ ಮಂಜುನಾಥನ ಕೃಪೆಯ ಸ್ಟಿಕ್ಕರು. ಇವಕ್ಕೆಲ್ಲ ಆದ ಖರ್ಚಿನಲ್ಲಿ ಒಂದು ಟೈರು ಬರುತ್ತಿತ್ತು ಎಂದರೆ ತಮಗೆ ಸಿಟ್ಟು ಬರುತ್ತದೆ. ಕಡೆಗೆ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಿದಿರಿ. ಮುಂದಿನ ಚಕ್ರ ನಿಂಬೆಹಣ್ಣಿನ ಮೇಲೇ ಪಕ್ಕಕ್ಕೆ ಜಾರಿತು. ನೆರೆದವರು ದೃಷ್ಟಿ ಹೋಯಿತೆಂದು ಚಪ್ಪಾಳೆ ತಟ್ಟಿದರು.

"ನಾನು ಸ್ಪೀಡ್ ಹೋಗೋನಲ್ಲ" ಎಂಬುದು ತಮ್ಮ ಬ್ರಹ್ಮಾಸ್ತ್ರ. ನಿಜ, ನಿಮ್ಮನ್ನು ಸೈಕಲ್‌ಗಳೂ ಓವರ್‌ಟೇಕ್ ಮಾಡಿದ್ದಿದೆ. ಆದರೂ ಒಮ್ಮೆ ಯೋಚಿಸಿ. ಇಡೀ ಬೈಕು, ಅದರ ಮೇಲೆ ನಾವಿಬ್ಬರು, ನಿಮ್ಮ ಊಟದ ಡಬ್ಬಿ ಎಲ್ಲ ಸೇರಿ ನೆಲಕ್ಕೆ ತಾಗುವುದು ಟೈರಿಗೊಂದರಂತೆ ಅಂಗೈಯಗಲದ ಎರಡು ಜಾಗಗಳಲ್ಲಿ ಮಾತ್ರ. ಒದ್ದೆ ರಸ್ತೆಯಲ್ಲಿ ಆ ಅಂಗೈಯಡಿಯ ನೀರನ್ನು ಹೊರಹಾಕುವುದಕ್ಕೇ ಗೀರುಗಳಿರುವುದು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಜಿಟಿಜಿಟಿ ಮಳೆಯಲ್ಲಿ ಧರ್ಮಸ್ಥಳದ ಕಡೆಗೆ ಇಳಿಯತೊಡಗಿದರೆ, ಪ್ರತಿ ತಿರುವಿನಲ್ಲಿ ಬ್ರೇಕ್ ಒತ್ತಿದಂತೆಲ್ಲ ಭಾರ ಮುಂದಿನ ಚಕ್ರಕ್ಕೆ ಹೋಗುತ್ತದೆ. ಅಂದರೆ ಬೋಳು ಟೈರಿಗೆ. ವಾಪಸು ಹತ್ತುವಾಗ ಭಾರವೆಲ್ಲ ಹಿಂದಕ್ಕೆ, ಅಂದರೆ ಮುದಿ ಟೈರಿಗೆ. ಬೋಳು ಕೈಬಿಟ್ಟರೆ ಮುದಿಯದು, ಮುದಿಯದು ಕೈಬಿಟ್ಟರೆ ಬೋಳು ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಕಾರಾದರೆ ಒಂದು ಚಕ್ರ ಸತ್ತರೂ ಮೂರರ ಮೇಲೆ ನಿಂತೀತು. ನಮ್ಮದರಲ್ಲಿ ಒಂದು ಹೋದರೆ ಇನ್ನೊಂದಕ್ಕೆ ಮಾಡಲು ಕೆಲಸವೇ ಇಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,000ಕ್ಕೂ ಹೆಚ್ಚು ಜನರಲ್ಲಿ ಶೇಕಡಾ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳುತ್ತದೆ. ಅವರೆಲ್ಲ ಟೈರಿನಿಂದಲೇ ಸತ್ತರೆಂದು ನಾನು ಹೇಳುತ್ತಿಲ್ಲ. ಆ ಲೆಕ್ಕಕ್ಕೆ ನಮ್ಮಿಬ್ಬರನ್ನೂ ಸೇರಿಸುವ ಅವಸರ ಬೇಡ ಎನ್ನುತ್ತಿದ್ದೇನೆ, ಅಷ್ಟೇ.

ಗಾಳಿಯ ವಿಚಾರ ಒಂದೇ ಮಾತು. ಚೈನ್ ಕವರಿನ ಮೇಲೊಂದು ಸ್ಟಿಕ್ಕರಿದೆ. ಒಬ್ಬರೇ ಹೋದರೆ ಇಷ್ಟು, ಇಬ್ಬರಾದರೆ ಹಿಂದಕ್ಕೆ ಇನ್ನಷ್ಟು ಎಂದು ಬರೆದಿದೆ. ಆ 'ಇನ್ನಷ್ಟು' ನಾನು. ತಾವು ಗಾಳಿ ಹೊಡೆಸುವಾಗ ನನ್ನನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಗಾಳಿ ಕಡಿಮೆಯಾದ ಟೈರು ಹೆಚ್ಚು ಬಳುಕುತ್ತದೆ, ಬಳುಕಿದಷ್ಟೂ ಬಿಸಿಯಾಗುತ್ತದೆ, ಆ ಬಿಸಿಯನ್ನು ತಾಳುವ ವಯಸ್ಸು 3714ಕ್ಕೆ ದಾಟಿಹೋಗಿದೆ.

ನಿವೃತ್ತಿಯೆಂದರೆ ಟೈರಿಗೆ ಅವಮಾನವೆಂದು ದಯವಿಟ್ಟು ಭಾವಿಸಬೇಡಿ. ನಮ್ಮ ನಾಡಿನಲ್ಲಿ ನಿವೃತ್ತ ಟೈರಿಗಿರುವ ಅವಕಾಶ ನಿವೃತ್ತ ಅಧಿಕಾರಿಗೂ ಇಲ್ಲ. ಶೀಟು ಹಾರದಂತೆ ಛಾವಣಿಯ ಮೇಲೆ ಕೂರಬಹುದು. ಹೈನುಗಾರರ ರಸಮೇವಿನ ಗುಂಡಿಯ ಮೇಲೆ ಟಾರ್ಪಾಲು ಒತ್ತಿ ಹಿಡಿಯಬಹುದು. ಹುಡುಗರ ಕೋಲಿನೇಟು ತಿನ್ನುತ್ತ ಬೀದಿ ಸುತ್ತಬಹುದು, ಮರದ ಕೊಂಬೆಗೆ ಉಯ್ಯಾಲೆಯಾಗಬಹುದು. ರಾಜಕೀಯದ ಆಸಕ್ತಿಯಿದ್ದರೆ ಬಂದ್ ದಿನ ನಡುವೃತ್ತದಲ್ಲಿ ಉರಿದು ಟಿವಿಯಲ್ಲೂ ಕಾಣಿಸಿಕೊಳ್ಳಬಹುದು, ಆದರೆ ಆ ಹೊಗೆಯನ್ನು ನಾವೇ ಕುಡಿಯಬೇಕಾದ್ದರಿಂದ ಅದಕ್ಕೆ ನನ್ನ ಶಿಫಾರಸಿಲ್ಲ. ಹಿತ್ತಲಲ್ಲಿ ಎಸೆಯುವುದೂ ಬೇಡ, ಮಳೆನೀರು ನಿಂತು ಡೆಂಗಿಯ ಸೊಳ್ಳೆ ಸಂಸಾರ ಹೂಡುತ್ತದೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ. ಪೆಟ್ರೋಲಿಗೆಂದು ನನ್ನಿಂದ ತೆಗೆದುಕೊಳ್ಳದೆ ಬಿಟ್ಟ ಕಾಸನ್ನು ಟೈರಿಗೆ ತೆಗೆದುಕೊಳ್ಳಿ. ಹಿಂದಿನದರ ಪೂರ್ತಿ ಬೆಲೆ ನನ್ನದು, ಮುಂದಿನದು ತಮ್ಮದು. ಅಂಗಡಿಗೆ ನಾನೂ ಬರುತ್ತೇನೆ. ಹೊಸ ಟೈರಿನ ಅಂಗಡಿಯಲ್ಲೂ ಅಟ್ಟದ ಮೇಲೆ ವರ್ಷಗಟ್ಟಲೆ ಕೂತ ಮಾಲಿರುತ್ತದೆ, ನಾಲ್ಕು ಅಂಕಿ ಓದಿದ ಮೇಲೆಯೇ ದುಡ್ಡು ಎಣಿಸುವುದು. ಅಲ್ಲಿಯವರೆಗೆ ತಮ್ಮ ಹಿಂದಿನ ಸೀಟಿನಿಂದ ನನಗೆ ವೇತನರಹಿತ ರಜೆ ಮಂಜೂರು ಮಾಡಬೇಕಾಗಿ ಕೋರಿಕೆ. ಬಸ್ ಪಾಸ್ ಮಾಡಿಸಿಕೊಂಡಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಹಿಂದಿನ ಸೀಟು

ಪ್ರತಿ: ಗುಜರಿ ಅಂಗಡಿಯವರಿಗೆ, ಮಾಹಿತಿಗಾಗಿ.
ತಮ್ಮ ಶ್ರೀಮತಿಯವರಿಗೆ, ಸೂಕ್ತ ಕ್ರಮಕ್ಕಾಗಿ.