ಗಂಗಾ ಸ್ನಾನ, ತುಂಗಾ ಪಾನ, ಆರ್‌ಓ ಪೈಪು

ಬೇಲಿಯಾಚೆಯ ರಾಯರು ಭದ್ರಾವತಿಯ ಐರನ್ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಕಲ್ ಸೆಕ್ಷನ್ನಿನಲ್ಲಿದ್ದವರು. ರಿಟೈರಾಗಿ ಶಿವಮೊಗ್ಗಕ್ಕೆ ಬಂದು ಎಷ್ಟೋ ವರ್ಷವಾಯಿತು. ಆದರೂ ಎಲ್ಲಾದರೂ ಸುಮ್ಮನೆ ಉರಿಯೋ ದೀಪ ಕಂಡರೆ ಅವರ ಕೈ ತಾನಾಗೇ ಸ್ವಿಚ್ಚಿನ ಕಡೆ ಹೋಗುತ್ತೆ. ಯಾರದೋ ಮದುವೆಗೆ ಹೋದಲ್ಲಿ, ಊಟದ ಹಾಲಿನಲ್ಲಿ ಹಾಡುಹಗಲೇ ಉರೀತಿದ್ದ ದೀಪಗಳನ್ನೂ ಬಿಟ್ಟವರಲ್ಲ. ಈಗ ಅವರ ಕಣ್ಣು ಬಿದ್ದಿರೋದು ನಮ್ಮ ಬೀದಿ ತುದಿಯ ಆಫೀಸಿನ ಹಿಂಗೋಡೆಯ ಮೇಲೆ. ಅಲ್ಲೊಂದು ಸಣ್ಣ ಪೈಪು ಇಳಿಬಿದ್ದಿದೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರರ ತನಕ ತೊಟತೊಟ ಅಂತ ಚರಂಡಿಗೆ ನೀರು ಬಿಡುತ್ತಾ ಇರುತ್ತೆ. ಕುಡಿಯೋ ನೀರಿನ ಆರ್‌ಓ ಮೆಷಿನ್ನಿನ ಪೈಪು ಅದು.

“ಒಂದು ಲೀಟರ್ ಸೋಸಿ ಕೊಡೋಕೆ ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತೆ ಮಾರಾಯ್ರೆ. ಅದೂ ಯಾವ ನೀರು? ತುಂಗೆ ನೀರು!” ಅಂದರು.

ಅವರು ಹೇಳಿದ್ದು ಸರಿ ಅಲ್ವಾ? ಗಂಗಾ ಸ್ನಾನ, ತುಂಗಾ ಪಾನ ಅಂತ ಅಜ್ಜಿ ಕಾಲದಿಂದ ಹೇಳಿಕೊಂಡು ಬಂದ ಊರಿನವರು ನಾವು. ಆರ್‌ಓ ಇರೋದು ನೀರಿನಲ್ಲಿ ಉಪ್ಪಿನಂಶ ಜಾಸ್ತಿ ಇರೋ ಕಡೆಗೆ, ಬೋರ್‌ವೆಲ್ ನೀರು ಗಡಸಾಗಿರೋ ಬಯಲುಸೀಮೆಗೆ. ಘಟ್ಟದ ಮಳೆ ಕುಡಿದು ಹರಿದು ಬರೋ ತುಂಗೆ ಮೆದು ನೀರಿನ ಹೊಳೆ. ನಲ್ಲಿಯಲ್ಲಿ ಬರೋ ಆ ನೀರಿಗೆ ಕ್ರಿಮಿ ಹೋಗುವ ಹಾಗೆ ಒಂದು ಯುವಿ ಫಿಲ್ಟರ್ ಹಾಕಿದರೆ ಸಾಕು. ಅದು ಒಂದು ತೊಟ್ಟೂ ಚೆಲ್ಲೋದಿಲ್ಲ. ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣ ಇರೋ ನೀರಿಗೆ ಆರ್‌ಓ ಬೇಡ ಅಂತ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ ಹೇಳಿತ್ತು. ಆದರೂ ಆಫೀಸು ಅಂದಮೇಲೆ ಒಂದು ಆರ್‌ಓ ಇರಲೇಬೇಕು ಅನ್ನೋ ಹಾಗಾಗಿದೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿ ಬೇರೆ ಇದೆ. ಆ ಆಫೀಸಿನ ಕಸ ಗುಡಿಸೋ ಹೆಂಗಸು ಬೆಳಿಗ್ಗೆ ಬಂದವರೇ ಮೊದಲು ಆ ಪೈಪಿನ ಕೆಳಗೆ ಒಂದು ಪೇಂಟಿನ ಬಕೆಟ್ ಇಡ್ತಾರೆ. ಹಳೇ ಬಿಳಿ ಬಕೆಟ್, ಹಿಡಿ ಮುರಿದು ತಂತಿ ಕಟ್ಟಿದ್ದು. ತುಂಬಿದ ನೀರಲ್ಲಿ ನೆಲ ಒರೆಸ್ತಾರೆ, ಉಳಿದದ್ದನ್ನ ಗೇಟಿನ ಹತ್ತಿರದ ಕ್ರೋಟನ್ ಗಿಡಕ್ಕೆ ಹಾಕ್ತಾರೆ. ಅವರಿಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಮಧ್ಯಾಹ್ನ ಅವರ ಕೆಲಸ ಮುಗಿದು ಹೊರಟ ಮೇಲೆ ಬಕೆಟ್ ತುಂಬಿ ಹರಿದರೂ ಕೇಳೋರಿಲ್ಲ. ಒಳಗೆ ಎಷ್ಟೋ ಜನ ಓದಿದವರಿದ್ದಾರೆ, ಪರಿಸರ ದಿನದಂದು ಗಿಡ ನೆಟ್ಟು ಫೋಟೋ ತೆಗೆಸಿಕೊಂಡವರಿದ್ದಾರೆ. ಪೈಪಿನ ವಿಷಯ ಗೊತ್ತಿರೋದು ಮಾತ್ರ ಆ ಹೆಂಗಸಿಗೆ, ಮತ್ತೆ ನಮ್ಮ ರಾಯರಿಗೆ.

ರಾಯರಿಗೆ ಮಾತು ಶುರುವಾದರೆ ಎಲ್ಲಿಂದ ಹೊರಟರೂ ಭದ್ರಾವತಿಗೇ ಹೋಗಿ ನಿಲ್ಲೋದು. 1923ರಲ್ಲಿ ಕಾರ್ಖಾನೆ ಶುರುವಾದಾಗ ಇಲ್ಲಿ ಕಲ್ಲಿದ್ದಲು ಎಲ್ಲಿಂದ ಬರಬೇಕು? ಕೆಮ್ಮಣ್ಣುಗುಂಡಿಯ ಅದಿರು, ನಮ್ಮ ಕಾಡಿನ ಸೌದೆ ಸುಟ್ಟ ಇದ್ದಿಲು. ಆದರೆ ಸೌದೆಯನ್ನ ಗುಂಡಿಯಲ್ಲಿ ಹಾಕಿ ಸುಟ್ಟು ಹೊಗೆ ಆಕಾಶಕ್ಕೆ ಬಿಡಲಿಲ್ಲ. ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಆ ಹೊಗೆಯನ್ನೂ ಹಿಡಿದು ತಣಿಸಿ, ಅದರಿಂದ ಟಾರು, ಅಸಿಟೇಟು, ಮರದ ಸ್ಪಿರಿಟ್ಟು ತೆಗೆದರು. “ಹೊಗೆ ಕೂಡ ಸ್ಟೋರಿಗೆ ಹೋಗಬೇಕು ಅನ್ನೋ ಕಾಲ ಅದು” ಅನ್ನೋವಾಗ ರಾಯರ ಮುಖ ನೋಡಬೇಕು. ಅವರು ಕೆಲಸಕ್ಕೆ ಸೇರೋ ಮೊದಲಿನ ಕಥೆ ಅದು, ಆದರೂ ತಾವೇ ನಿಂತು ಮಾಡಿಸಿದ ಹಾಗೆ ಹೇಳ್ತಾರೆ. ಕಾಡು ಕಡಿದದ್ದು ಕಡಿದದ್ದೇ, ಅದನ್ನ ನಾನು ಮುಚ್ಚಿಡೋಕೆ ಹೋಗೋದಿಲ್ಲ. ಆದರೆ ಒಳಗೆ ಬಂದ ಪ್ರತಿ ಕಟ್ಟಿಗೆಗೂ ಹೊರಗೆ ಹೋದ ಪ್ರತಿ ಸರಕಿಗೂ ಲೆಕ್ಕ ಇತ್ತು. ನಮ್ಮ ಇವತ್ತಿನ ಆಫೀಸುಗಳಲ್ಲಿ ಇಲ್ಲದ್ದು ಆ ಲೆಕ್ಕವೇ ಅನಿಸುತ್ತೆ ನನಗೆ.

ಭದ್ರಾವತಿಯ ಇನ್ನೊಂದು ಕಥೆ ಪೇಪರ್ ಟೌನಿನದು. 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ ಗೊತ್ತಲ್ಲ? ಅದಕ್ಕೆ ಬೇಕು ಅಂತ ಜಿಲ್ಲೆಯ ಗುಡ್ಡಗಳಿಗೆಲ್ಲ ಅಕೇಶಿಯಾ, ನೀಲಗಿರಿ ಹತ್ತಿಸಿದರು. 2015ರ ಹೊತ್ತಿಗೆ ಯಂತ್ರ ನಿಂತವು. ಮರಗಳು ಮಾತ್ರ ಉಳಿದವು. ಆ ನೆಡುತೋಪುಗಳ ಜಾಗದ ಗುತ್ತಿಗೆ 2020ರಲ್ಲಿ ಮುಗಿದು, ಮತ್ತೆ 40 ವರ್ಷಕ್ಕೆ ಮುಂದುವರಿಸೋ ಆದೇಶ ಹೊರಟಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಅಂತ ಮಲೆನಾಡಿನ ಜನ ಎದ್ದು ನಿಂತರು. ಈಗ ಆಫೀಸುಗಳಲ್ಲಿ ಒಂದು ಸಾಲಿನ ಪತ್ರಕ್ಕೆ ಮೂರು ಪ್ರತಿ ತೆಗೆದು, ತಪ್ಪು ಕಂಡು ಮತ್ತೆ ಮೂರು ತೆಗೆಯೋದನ್ನ ನೋಡಿದರೆ ನನಗೆ ಆ ಗುಡ್ಡಗಳೇ ನೆನಪಾಗ್ತವೆ. ಕಾಗದದ ಎರಡೂ ಮಗ್ಗುಲಲ್ಲಿ ಪ್ರಿಂಟ್ ಬರೋ ಹಾಗೆ ಕಂಪ್ಯೂಟರಿನಲ್ಲಿ ಒಂದೇ ಸಲ ಸೆಟ್ ಮಾಡಿಡಬಹುದು. ಅದನ್ನ ಮಾಡೋಕೆ ಐದು ನಿಮಿಷವೂ ಬೇಡ.

ಎಲ್ಲಿಂದ ಎಲ್ಲಿಗೋ ಬಂದೆ ನೋಡಿ. ಆಫೀಸಿನ ಕಟ್ಟಡದ ವಿಷಯಕ್ಕೇ ಬರೋಣ. ಮುಂಚೆ ನಮ್ಮಲ್ಲಿ ಕಚೇರಿ ಅಂದರೆ ಹಂಚಿನ ಮಾಡು, ಎತ್ತರದ ಗೋಡೆ, ಮೇಲೊಂದು ಗವಾಕ್ಷಿ, ಸುತ್ತ ಜಗಲಿ. ಗಾಳಿ ತಾನಾಗಿ ಬಂದು ತಾನಾಗಿ ಹೋಗ್ತಿತ್ತು. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ್ದೇ ಸೇರಿದ್ದು, ಈಗ ಎಲ್ಲಿ ನೋಡಿದರೂ ಮುಖಕ್ಕೆ ಗಾಜು. ಬಿಸಿಲು ಗಾಜಿನಿಂದ ಒಳಗೆ ಬರುತ್ತೆ, ಕಂಪ್ಯೂಟರ್ ಪರದೆ ಕಾಣೋದಿಲ್ಲ ಅಂತ ಕರ್ಟನ್ ಎಳೀತಾರೆ, ಕತ್ತಲಾಯ್ತು ಅಂತ ಲೈಟ್ ಹಾಕ್ತಾರೆ, ಸೆಖೆ ಅಂತ ಎಸಿ ಹಾಕ್ತಾರೆ. ಹೊರಗೆ ಆಷಾಢದ ಮಳೆ ಹೊಡೀತಿದ್ದರೂ ಒಳಗೆ 18 ಡಿಗ್ರಿ, ಕೂತವರ ಮೈಮೇಲೆ ಸ್ವೆಟರು! 2020ರ ಜನವರಿಯಿಂದ ಬರೋ ಎಸಿಗಳೆಲ್ಲ ಆನ್ ಮಾಡಿದ ಕೂಡಲೇ 24 ಡಿಗ್ರಿಗೇ ನಿಲ್ಲಬೇಕು ಅಂತ ನಿಯಮ ಇದೆ. ಒಂದೊಂದು ಡಿಗ್ರಿ ಏರಿಸಿದರೂ ನೂರಕ್ಕೆ ಆರರಷ್ಟು ಕರೆಂಟು ಉಳಿಯುತ್ತೆ ಅಂತ ಲೆಕ್ಕ. ರಿಮೋಟು ಯಾರ ಕೈಯಲ್ಲಿದೆಯೋ ಅವರ ಮರ್ಜಿ ಆಮೇಲೆ.

ಫ್ಯಾನಿನ ಲೆಕ್ಕ ರಾಯರು ನನ್ನ ಮುಂದೆ ಹಾಲಿನ ಕೂಪನ್ ಹಿಂದೆ ಬರೆದು ತೋರಿಸಿದರು. ಹಳೇ ಫ್ಯಾನು 75 ವ್ಯಾಟು, ಹೊಸ ಬಿಎಲ್‌ಡಿಸಿ ಫ್ಯಾನು ಸುಮಾರು 30. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಹಿಡಿದರೆ ಒಂದು ಫ್ಯಾನಿಗೆ 108 ಯೂನಿಟ್ ಉಳಿತಾಯ. 20 ಫ್ಯಾನಿನ ಆಫೀಸಿಗೆ 2,160 ಯೂನಿಟ್. “ಈ ಯೂನಿಟ್ ಎಲ್ಲಿಂದ ಬರುತ್ತೆ ಗೊತ್ತುಂಟಾ?” ಅಂತ ಕೇಳಿ ಅವರು ಸುಮ್ಮನಾದರು. ಶಿವಮೊಗ್ಗ ಜಿಲ್ಲೆಯವರಿಗೆ ಅದನ್ನ ಬಿಡಿಸಿ ಹೇಳಬೇಕಾ? ಕರೆಂಟಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿಗೆ ಊರು, ಗದ್ದೆ, ತೋಟ ಬಿಟ್ಟುಕೊಟ್ಟು ಎದ್ದು ಬಂದವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಭೂಮಿಯ ಹಕ್ಕುಪತ್ರ ಕೇಳ್ತಾ ಇದ್ದಾರೆ. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗೋದು ಕಂಡರೆ ಹೊಟ್ಟೆ ಉರಿಯುತ್ತೆ ಅಂದರೆ ಅದಕ್ಕೇ.

ಇನ್ನು ಬೀಳ್ಕೊಡುಗೆ ಪಾರ್ಟಿ. ಇಡೀ ಜಿಲ್ಲೆಯೇ ಅಡಿಕೆ ತೋಟ, ಹಾಳೆ ಬಿದ್ದು ಒಣಗ್ತಾ ಇರುತ್ತೆ. ಹಾಳೆತಟ್ಟೆ ಮಾಡೋ ಮೆಷಿನ್ನುಗಳು ಹಳ್ಳಿ ಹಳ್ಳಿಯಲ್ಲಿವೆ. ಆದರೆ ಆಫೀಸಿನ ಮೇಜಿನ ಮೇಲೆ ಬರೋದು ಬೆಳ್ಳಿ ಬಣ್ಣದ ಪೇಪರ್ ಪ್ಲೇಟು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯ್ತು. ರಾಜ್ಯದಲ್ಲಿ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ಕಿನ, ಥರ್ಮಾಕೋಲಿನ ತಟ್ಟೆ ಲೋಟ ನಿಷೇಧ ಆದವು, ಆ ಜಾಗಕ್ಕೆ ಪೇಪರ್ ಕಪ್ಪು ಬಂತು. ಚಹಾ ಸೋರಬಾರದು ಅಂತ ಅದರ ಒಳಗೂ ತೆಳ್ಳಗೆ ಪ್ಲಾಸ್ಟಿಕ್ ಪದರ ಇರುತ್ತೆ, ಹಾಗಾಗಿ ಗೊಬ್ಬರಕ್ಕೂ ಆಗದು, ರದ್ದಿಗೂ ಸಲ್ಲದು. ಸ್ಟೀಲ್ ಲೋಟ ಇಟ್ಟರೆ ತೊಳೆಯೋರು ಯಾರು ಅನ್ನೋದು ಎಲ್ಲ ಕಡೆಯ ಪ್ರಶ್ನೆ. ಕುಡಿದವರೇ ತೊಳೆದರೆ ಆಯ್ತಪ್ಪಾ!

ನಾನು ಕೇಳಿದೆ, “ರಾಯರೇ, ಇಷ್ಟೆಲ್ಲ ಸುಲಭ ಆಗಿದ್ದರೆ ಯಾಕೆ ಆಗ್ತಿಲ್ಲ?”

ಅವರು ಬೇಲಿಗೆ ಒರಗಿ ನಿಂತು ಹೇಳಿದ್ದು ನನಗೆ ಸರಿ ಅನ್ನಿಸಿತು. ಕರೆಂಟ್ ಉರಿಸೋರು ಒಬ್ಬರು, ಮೆಸ್ಕಾಂ ಬಿಲ್ ಕಟ್ಟೋರು ಇನ್ನೊಬ್ಬರು, ಫ್ಯಾನು ಕೊಳ್ಳೋರು ಮತ್ತೊಬ್ಬರು, ಸ್ವಿಚ್ ಆರಿಸೋರು ಕ್ಲೀನಿಂಗ್ ಗುತ್ತಿಗೆ ಹಿಡಿದ ಏಜೆನ್ಸಿಯವರು. ಏಜೆನ್ಸಿಗೆ ದುಡ್ಡು ಕೊಡೋದು ತಲೆ ಲೆಕ್ಕದಲ್ಲಿ, ಫಿನಾಯಿಲ್ ಲೆಕ್ಕದಲ್ಲಿ. ಕಡಿಮೆ ರೇಟು ಬರೆದವರಿಗೆ ಟೆಂಡರು. ನೀರು ಉಳಿಸಿದರೆ, ಕಸ ಬೇರೆ ಮಾಡಿದರೆ ಇಷ್ಟು ಜಾಸ್ತಿ ಅಂತ ಅದರಲ್ಲಿ ಒಂದು ಸಾಲೂ ಇರೋದಿಲ್ಲ. ಹೀಗಿದ್ದಾಗ ಬಕೆಟ್ ಇಡೋ ಆ ಹೆಂಗಸಿಗೆ ಸಿಗೋದೇನು? ತಿಂಗಳ ಮೀಟಿಂಗಿಗೆ ಅವರನ್ನ, ವಾಚ್‌ಮನ್ನನ್ನ ಕರೆದು ಕೂರಿಸಿ ಕೇಳಿದರೆ ಯಾವ ನಲ್ಲಿ ಸೋರುತ್ತೆ, ರಾತ್ರಿ ಯಾವ ಎಸಿ ಆಫ್ ಆಗದೇ ಉಳೀತು, ಎಲ್ಲಾ ಬಾಯಲ್ಲೇ ಹೇಳ್ತಾರೆ. ಹೊರಗಿಂದ ಆಡಿಟ್‌ನವರನ್ನ ಕರೆಸೋ ಮೊದಲು ಅಷ್ಟಾದರೂ ಮಾಡಬಹುದು.

ಇನ್ನೊಂದು ಉಪಾಯ ರಾಯರದೇ. ಹೆಬ್ಬೆರಳು ಒತ್ತೋ ಹಾಜರಾತಿ ಮೆಷಿನ್ ಇರುತ್ತಲ್ಲ, ಅದರ ಪಕ್ಕದ ಗೋಡೆಗೆ ಪ್ರತಿ ತಿಂಗಳ ಕರೆಂಟ್ ಬಿಲ್ಲು, ನೀರಿನ ಬಿಲ್ಲು ಅಂಟಿಸೋದು, ಹೋದ ವರ್ಷದ ಅದೇ ತಿಂಗಳಿನದನ್ನೂ ಜೊತೆಗೆ. ಖರ್ಚೇನೂ ಇಲ್ಲ, ಒಂದು ಸ್ವಲ್ಪ ಗೋಂದು ಸಾಕು. ಮನೆಯ ಬಿಲ್ಲು ಹತ್ತು ರೂಪಾಯಿ ಜಾಸ್ತಿ ಬಂದರೂ ನಮಗೆಲ್ಲ ಗೊತ್ತಾಗುತ್ತೆ. ನಿಮ್ಮ ಆಫೀಸಿನಲ್ಲಿ ಹೋದ ತಿಂಗಳು ಎಷ್ಟು ಯೂನಿಟ್ ಆಯ್ತು, ಹೇಳಿ ನೋಡೋಣ?